ಭಾನುವಾರದ ಬಸ್ಸು

1960ರ ಮಳೆಗಾಲಕ್ಕೆ ಮುನ್ನ ತಂದೆಯವರಿಗೆ ಭಟ್ಕಳಕ್ಕೆ ವರ್ಗವಾಗಿ ನಾವು ಧಾರವಾಡದಿಂದ ಘಟ್ಟವಿಳಿದು ಬಂದಾಗ, ಬಾಡಿಗೆಯ ಮನೆ ಸೋರುವುದೇ ಎಂಬುದಕ್ಕಿಂತ ಮೊದಲು ಎದ್ದದ್ದು ಭಾನುವಾರ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ಅಜ್ಜಿಯು, 1837ರಲ್ಲಿ ಧಾರವಾಡಕ್ಕೆ ಬಂದು ನೆಲೆಯೂರಿದ ಬಾಸೆಲ್ ಮಿಶನ್ನಿನ ಸಭೆಯಲ್ಲಿ ಬೆಳೆದು, ಜರ್ಮನ್ ರಾಗಗಳಿಗೆ ಕನ್ನಡದ ನುಡಿ ಹೊಂದಿಸಿದ ಕೀರ್ತನೆಗಳನ್ನೇ ಜೋಗುಳವಾಗಿ ಕೇಳಿದವಳಾದುದರಿಂದ, ಅನ್ಯಭಾಷೆಯ ಪ್ರಾರ್ಥನೆಯು ವಿಳಾಸ ತಪ್ಪಿದ ಕಾಗದದಂತೆ ಅಂಚೆಯಲ್ಲಿಯೇ ಅಲೆಯುವುದೆಂದು ನಂಬಿದ್ದಳು.

ಭಟ್ಕಳವೋ ನವಾಯತರ ಊರು. ನಸುಕಿನ ಬಾಂಗು, ಮಲ್ಲಿಗೆಯ ದಂಡೆ, ಚಂದ್ರನಾಥ ಬಸದಿ, ಖೇತಪಯ್ಯ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆ, ಇವುಗಳೊಡನೆ ಇಗರ್ಜಿಯೂ ಉಂಟು. ಆದರೆ ಅದು ಕೊಂಕಣಿ ಕಥೋಲಿಕರದು. ಪೂಜೆ ಲ್ಯಾಟಿನ್ನಿನಲ್ಲಿ, ಪ್ರವಚನ ಕೊಂಕಣಿಯಲ್ಲಿ. "ಒಂದು ಮಾತು ದೇವರಿಗೆ ತಿಳೀತದ, ಇನ್ನೊಂದು ನೆರೆಯವರಿಗೆ ತಿಳೀತದ, ನನಗ ಯಾವುದು?" ಎಂದಳು ಅಜ್ಜಿ.

ಶರಾವತಿಯನ್ನು ದಾಟಿ ಹೊನ್ನಾವರಕ್ಕೂ ಹೋದೆವು. ಗೇರುಸೊಪ್ಪೆಯ ರಾಣಿಯ ಮೆಣಸಿಗಾಗಿ ಪೋರ್ಚುಗೀಸರು ಹಾತೊರೆದು ಕೋಟೆ ಹಿಡಿದ ಆ ಬಂದರಿನಲ್ಲಿ, ಇಗರ್ಜಿಯ ಅಂಗಳದ ವೃದ್ಧನೊಬ್ಬನು, 1784ರಲ್ಲಿ ಟಿಪ್ಪುವಿನ ದಂಡು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಹಿಡಿದೊಯ್ದ ಕಥೆಯನ್ನು, ತನ್ನ ತಾತನೇ ಮೊನ್ನೆ ಹಿಂತಿರುಗಿದನೋ ಎಂಬಂತೆ ವಿವರಿಸಿ, ಚಂದಾವರದ ಸಂತ ಫ್ರಾನ್ಸಿಸ್ ಕ್ಷೇವಿಯರರ ಇಗರ್ಜಿಗೆ ಡಿಸೆಂಬರ್ 3ರ ಹಬ್ಬದಂದು ತಪ್ಪದೆ ಬರಬೇಕೆಂದು ಆಹ್ವಾನವನ್ನೂ ಕೊಟ್ಟನು. ಅಜ್ಜಿ ಕಥೆಗೆ ಕಣ್ಣೀರಿಟ್ಟಳು, ಆಹ್ವಾನಕ್ಕೆ ಉತ್ತರ ಕೊಡಲಿಲ್ಲ.

ಕೊನೆಗೆ ಕನ್ನಡ ದೊರೆತದ್ದು ಕುಮಟೆಯಲ್ಲಿ: ಬಯಲುಸೀಮೆಯ ಕಡೆಯಿಂದ ಬಂದ ಉಪಾಧ್ಯಾಯರೊಬ್ಬರ ಮನೆಯ ಜಗುಲಿಯಲ್ಲಿ ಕೂಡುತ್ತಿದ್ದ ನಾಲ್ಕು ಸಂಸಾರಗಳ ಸಭೆ. ಸತ್ಯವೇದದ ವಾಚನ, ಪ್ರಾರ್ಥನೆ, ಅವಲಕ್ಕಿ. ಅಜ್ಜಿಯ ಹರ್ಷಕ್ಕೆ ಎಣೆಯಿಲ್ಲ, ಮೊದಲನೆಯ ಕೀರ್ತನೆಯವರೆಗೆ. ಅಲ್ಲಿಯವರು ಅದನ್ನು ಬೇರೊಂದು ರಾಗದಲ್ಲಿ ಹಾಡಿದರು. ರಾಗ ತಪ್ಪಿದ ಕನ್ನಡವು ತಿಳಿಯದ ಕೊಂಕಣಿಗಿಂತ ಹೆಚ್ಚು ನೋಯಿಸುವುದೆಂದು ನನಗೆ ತಿಳಿದದ್ದು ಆ ದಿನ, ಬಸ್ಸಿನಲ್ಲಿ ಆಕೆಯ ಮೌನವನ್ನು ನೋಡಿ.

ಬಸ್ಸಿನ ಖರ್ಚು ತಿಂಗಳಿಗೊಮ್ಮೆಗಷ್ಟೇ ಸಾಲುತ್ತಿತ್ತು. ಉಳಿದ ಭಾನುವಾರಗಳಂದು, ತಂದೆಯವರ ಸಿದ್ಧಾಂತಪರವಾದ ಆಕ್ಷೇಪಣೆಗಳನ್ನೆಲ್ಲ ಲಕ್ಷಿಸದೆ, ಅಜ್ಜಿ ಭಟ್ಕಳದ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳತೊಡಗಿದಳು, ಪ್ರಸಾದಕ್ಕೆ ಏಳುತ್ತಿರಲಿಲ್ಲ. ಪಕ್ಕದ ಮನೆಯ ಬಾಯಿ ಆಕೆಗಾಗಿ ಸೆರಗು ಹಾಸಿ ಜಾಗ ಹಿಡಿದಿರುತ್ತಿದ್ದಳು, ಒಂದು ವಾರ ಕಾಣದಿದ್ದರೆ ಗಂಜಿಯ ಪಾತ್ರೆಯೊಡನೆ ಬಂದು ಕದ ತಟ್ಟುತ್ತಿದ್ದಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಅಜ್ಜಿಯ ಕೈಗೂ ಕೊಟ್ಟರು. ಅದು ನಮ್ಮ ಮನೆಯಲ್ಲಿ ಸತ್ಯವೇದದ ಪುಟಗಳ ನಡುವೆ ಸೇರಿತು.

1965ರಲ್ಲಿ ವ್ಯಾಟಿಕನ್ ಮಹಾಸಭೆ ಮುಗಿದು, ಪೂಜೆಯು ಲ್ಯಾಟಿನ್ನನ್ನು ಬಿಟ್ಟು ದೇಶಭಾಷೆಗಳಿಗೆ ತಿರುಗಿದ ಸುದ್ದಿ ಬಂದಾಗ, ಅಜ್ಜಿ ಸಂತೋಷಪಡುವಳೆಂದು ಓಡಿಹೋಗಿ ಹೇಳಿದೆ.

"ಅರ್ಧ ಕಲತ ಮ್ಯಾಲೆ ಪಾಠಾನ ಬದಲ ಮಾಡಿದ್ರಲ್ಲೋ!" ಎಂದು ಆಕೆ ಕನ್ನಡಕ ತೆಗೆದಿಟ್ಟಳು.