ಹಗೇವು ತುಂಬಿಸಿದ ಕನಸು

ಗದಗ ಬಿಟ್ಟ ರೈಲು ಪೂರ್ವಕ್ಕೆ ಹೊರಳಿ ಹರ್ಲಾಪುರ, ಸೋಂಪುರ, ತಳಕಲ್, ಬನ್ನಿಕೊಪ್ಪ, ಭಾನಾಪುರ ಎಂಬ ಸಣ್ಣ ಸಣ್ಣ ನಿಲ್ದಾಣಗಳನ್ನು ದಾಟುತ್ತ ಕೊಪ್ಪಳದತ್ತ ಸಾಗುತ್ತದೆ. ಎರಡೂ ಬದಿಗೆ ಬಯಲು. ಮಳೆ ಕೈಹಿಡಿದ ವರ್ಷ ಜೋಳ, ಕಡಲೆ. ಕೈಕೊಟ್ಟ ವರ್ಷ ಬರೀ ಮಣ್ಣು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರ ಪಾಲಿಗೆ ಬಂದ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈಗ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕುಗಳಾಗಿವೆ.

ಈ ನೆಲದಲ್ಲಿ ಕನಸಿಗೆ ಬೆಲೆಯಿದೆ. ಹುಲಿಗಿಗೆ ಹೊರಟವರನ್ನು ಮಾತಾಡಿಸಿದರೆ ‘ಅವ್ವ ಕನಸಿನ್ಯಾಗ ಬಂದು ಕರದಾಳ್ರಿ’ ಎನ್ನುವವರು ಸಿಗುತ್ತಾರೆ. ಕೊಪ್ಪಳವು ಜೈನರಿಗೆ ಕೊಪಣವೆಂಬ ಮಹಾತೀರ್ಥವಾಗಿತ್ತು. ಚಂದ್ರಗುಪ್ತನು ಕಂಡ ಹದಿನಾರು ಕನಸುಗಳಿಗೆ ಭದ್ರಬಾಹು ಅರ್ಥ ಹೇಳಿದ ಕಥೆ ಜೈನ ಪರಂಪರೆಯದೇ. ಕೊಪ್ಪಳದ ಕೋಟೆಯನ್ನು ಬಲಪಡಿಸಿದ ಟಿಪ್ಪು ಸುಲ್ತಾನನಂತೂ ತನ್ನ ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಟ್ಟ. ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇಂಥ ನೆರೆಹೊರೆಯಲ್ಲಿ ಬದುಕುವ ಕ್ರೈಸ್ತ ಕುಟುಂಬಗಳ ಸಂಖ್ಯೆ ಬಹಳ ಚಿಕ್ಕದು. ಅವರ ಮನೆಗಳಲ್ಲೂ ಬೆಳಗಿನ ಚಹಾದ ಜೊತೆ ಕನಸಿನ ಮಾತು ಬರುತ್ತದೆ. ಬೈಬಲ್ ತೆರೆದರೆ ಯಾಕೋಬ, ಯೋಸೇಫ, ದಾನಿಯೇಲ ಎಲ್ಲರಿಗೂ ಕನಸಿನ ನಂಟು. ಹಾಗಾದರೆ ನನ್ನ ಕನಸೂ ದೇವರ ಸಂದೇಶವೇ? ಹೌದಾದರೆ ಅದರಂತೆ ನಡೆಯಬೇಕೇ? ಮಕ್ಕಳ ಓದು, ಮದುವೆ, ಔಷಧೋಪಚಾರ ಇಂಥ ಪ್ರಶ್ನೆಗಳ ಮೇಲೆ ನಿಂತಾಗ ಇದು ಬರೀ ಭಕ್ತಿಯ ಮಾತಾಗಿ ಉಳಿಯುವುದಿಲ್ಲ.

ಮಲಸಮುದ್ರದ ಪಾಠ

ರೈಲು ಹತ್ತುವ ಮೊದಲು ಗದಗಿನ ಬಳಿಯ ಮಲಸಮುದ್ರವನ್ನು ನೆನೆಯಬೇಕು. ಅಲ್ಲಿ ನಡೆದದ್ದು ಕನಸಿನ ಕಥೆಯಲ್ಲ, ಕಾಲಜ್ಞಾನದ್ದು. ಆದರೆ ದೈವದ ಸೂಚನೆ ಎಂದು ತಿಳಿದದ್ದನ್ನು ಮನುಷ್ಯ ಹೇಗೆ ಓದಿಕೊಳ್ಳುತ್ತಾನೆಂಬ ಪ್ರಶ್ನೆ ಒಂದೇ. ಬಾಸೆಲ್ ಮಿಷನ್ನಿನವರು 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದ ಹೊಸದರಲ್ಲಿ ಕಾಲಜ್ಞಾನ ಪಂಥದ ಕೆಲವರು ಅವರನ್ನು ಹುಡುಕಿಕೊಂಡು ಬಂದರು. ತಮ್ಮ ಗುರುಗಳ ವಾಣಿಯಲ್ಲಿ ಹೇಳಿದ್ದ ಹೊಸ ಕಾಲದ ಸುಳಿವು ಅವರಿಗೆ ಈ ಪರದೇಶಿ ಪಾದ್ರಿಗಳಲ್ಲಿ ಕಂಡಿತ್ತು. ಪಾದ್ರಿಗಳಿಗೋ ಇದು ದೇವರೇ ತೆರೆದ ಬಾಗಿಲೆನ್ನಿಸಿತು. ಈ ಜನರಿಗಾಗಿಯೇ 1841ರಲ್ಲಿ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದು ಆರಂಭವಾಯಿತು.

ಜನ ತಂಡೋಪತಂಡವಾಗಿ ಬರುವರೆಂಬ ನಿರೀಕ್ಷೆ ಮಾತ್ರ ಫಲಿಸಲಿಲ್ಲ. ಬಂದವರ ಮನಸ್ಸಿನಲ್ಲಿದ್ದುದು ಒಂದು, ಕರೆದವರ ಮನಸ್ಸಿನಲ್ಲಿದ್ದುದು ಇನ್ನೊಂದು. ಒಂದೇ ವಾಣಿಯಲ್ಲಿ ಎರಡೂ ಕಡೆಯವರು ತಮಗೆ ಬೇಕಾದುದನ್ನೇ ಓದಿಕೊಂಡಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಅವಸರಪಟ್ಟಿದ್ದರು, ಅಷ್ಟೆ. ಹತ್ತಿರದ ಬೆಟಗೇರಿಯಲ್ಲಿ ಮಿಷನ್ನಿನ ಹೆಸರನ್ನು ಜನ ಇಂದಿಗೂ ನೆನೆಯುವುದು ಅಲ್ಲಿಯ ಆಸ್ಪತ್ರೆಯ ಮೂಲಕ. ಭವಿಷ್ಯವಾಣಿ ಮಾಡದ ಕೆಲಸವನ್ನು ದಿನನಿತ್ಯದ ದುಡಿಮೆ ಮಾಡಿತು.

ಯಲಬುರ್ಗಾ: ಹಗೇವಿನ ನಾಡು

ಬನ್ನಿಕೊಪ್ಪದಲ್ಲಿ ಇಳಿದು ಕುಕನೂರಿನ ಕಡೆ ಹೊರಟರೆ ಹಿಂದಿನ ಯಲಬುರ್ಗಾ ತಾಲ್ಲೂಕಿನ ಊರುಗಳು ಸಿಗುತ್ತವೆ. ಇಟಗಿಯ ಮಹಾದೇವ ದೇವಾಲಯ ಇಲ್ಲಿಯದೇ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಈ ಸೀಮೆಯ ಹಳೆಯ ಮನೆಗಳವರಿಗೆ ಹಗೇವು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದಲ್ಲಿ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡುವ ಕಣಜ ಅದು. 1876–78ರ ಮಹಾಕ್ಷಾಮವನ್ನು ಕಂಡ ಈ ನೆಲದಲ್ಲಿ ಹಗೇವೆಂದರೆ ಜೀವವಿಮೆ.

ಆದಿಕಾಂಡದ ಯೋಸೇಫನ ಕಥೆ ಇಲ್ಲಿ ಬೇಗ ಮನಸ್ಸಿಗೆ ತಟ್ಟುವುದು ಅದಕ್ಕೇ. ಫರೋಹನು ಏಳು ಕೊಬ್ಬಿದ ಆಕಳುಗಳನ್ನೂ ಅವನ್ನು ನುಂಗಿದ ಏಳು ಬಡಕಲು ಆಕಳುಗಳನ್ನೂ ಕನಸಿನಲ್ಲಿ ಕಂಡ. ಸೆರೆಮನೆಯಿಂದ ಬಂದ ಯೋಸೇಫ ಮೊದಲು ಹೇಳಿದ್ದು, ಅರ್ಥ ಹೇಳುವ ಶಕ್ತಿ ತನ್ನದಲ್ಲ, ದೇವರದು ಎಂದು. ಆಮೇಲೆ ಕೊಟ್ಟದ್ದು ಲೆಕ್ಕ: ಸುಗ್ಗಿಯ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ತೆಗೆದಿಡಿ, ಉಸ್ತುವಾರಿಗೆ ಜನರನ್ನು ನೇಮಿಸಿ. ಕನಸಿನ ಸಾರ್ಥಕತೆ ತುಂಬಿದ ಕಣಜದಲ್ಲಿತ್ತು.

ಈ ಭಾಗದ ಹಳ್ಳಿಯೊಂದರಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರು ಭೇಟಿಯಾದರು. ಭಾನುವಾರದ ಪ್ರಾರ್ಥನೆಯಲ್ಲಿ ಉಪದೇಶ ಮಾಡುವವರೂ ಅವರೇ. ಅವರು ಹೇಳಿದ ಒಂದು ಸಂಗತಿ: ಮಗಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದ ವಾರವೇ, ಹುಡುಗಿ ನೀರಿನಲ್ಲಿ ಮುಳುಗುತ್ತಿರುವಂತೆ ತಾಯಿಗೆ ಕನಸು ಬಿತ್ತಂತೆ. ‘ದೇವರ ಬ್ಯಾಡ ಅಂದಾನ್ರಿ ಸರ, ಆಕೀನ್ನ ಕಳಸೂದಿಲ್ಲ’ ಎಂದು ಆಕೆ ಹಟ ಹಿಡಿದರು. ಸೋದರಮಾವನ ಕಡೆಯ ಸಂಬಂಧವೂ ಮಾತಿಗೆ ಬಂದಿತ್ತು.

ಮಾಸ್ತರರು ಕನಸನ್ನು ಹಳಿಯಲಿಲ್ಲ. ‘ನೋಡವ್ವಾ, ಆ ಕನಸು ನಿನಗ ಬಿತ್ತೋ, ನಿನ್ನ ಅಂಜಿಕಿಗೆ ಬಿತ್ತೋ?’ ಎಂದಷ್ಟೇ ಕೇಳಿದರು. ಆಮೇಲೆ, ‘ಹಗೇವಿನ ಬಾಯಿ ತೆಗದ ಕೂಡ್ಲೆ ಯಾರರ ಒಳಗ ಇಳೀತಾರೇನು? ಕೆಟ್ಟ ಗಾಳಿ ಹೋಗಾಕ ಬಿಡ್ತಾರ, ದೀಪ ಇಳಿಸಿ ನೋಡ್ತಾರ. ಕನಸಿಗೂ ಹಂಗ ಮಾಡು’ ಎಂದರು. ತಾಯಿ ಎರಡು ದಿನ ಬಿಟ್ಟು ತಾವೇ ಹುಬ್ಬಳ್ಳಿಗೆ ಹೋಗಿ ಹಾಸ್ಟೆಲ್ ನೋಡಿದರು, ವಾರ್ಡನ್ ಅವರನ್ನು ಮಾತಾಡಿಸಿದರು, ಬಸ್ಸಿನ ವೇಳೆ ಬರೆದುಕೊಂಡರು. ಹುಡುಗಿ ಕಾಲೇಜು ಸೇರಿದಳು.

ಆ ಕನಸು ದೇವರಿಂದ ಬಂತೋ ಇಲ್ಲವೋ ಹೇಳುವವರಾರು? ಅದು ತಾಯಿಯನ್ನು ಎಬ್ಬಿಸಿ ಹಾಸ್ಟೆಲ್‌ವರೆಗೆ ನಡೆಸಿತಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಬಾಗಿಲು ಮುಚ್ಚಿಸಿದ್ದರೆ ನಷ್ಟವಾಗುತ್ತಿದ್ದುದು ಕನಸು ಕಾಣದ ಹುಡುಗಿಗೆ.

ಕುಷ್ಟಗಿಯಿಂದ ಮುದಗಲ್ಲಿಗೆ

ಕುಷ್ಟಗಿ ಮುಟ್ಟಿ, ಗಡಿ ದಾಟಿದರೆ ರಾಯಚೂರು ಜಿಲ್ಲೆಯ ಮುದಗಲ್ಲು. ಕೋಟೆಗೆ ಹೆಸರಾದ ಈ ಊರಿನಲ್ಲಿ ಹಳೆಯ ಕ್ಯಾಥೊಲಿಕ್ ಸಮುದಾಯವೊಂದಿದೆ. ಅದರ ಮೂಲ 16ನೆಯ ಶತಮಾನದ ಜೆಸ್ಯೂಟ್ ಪಾದ್ರಿಗಳ ಕಾಲದ್ದೆಂದು ಗ್ಯಾಸೆಟಿಯರ್ ಹೇಳುತ್ತದೆ. ವಿಜಯನಗರ ಇನ್ನೂ ಮೆರೆಯುತ್ತಿದ್ದ ಶತಮಾನವದು.

ಕ್ಯಾಥೊಲಿಕರಿಗೆ ಮಾರ್ಚ್ 19 ಸಂತ ಜೋಸೆಫರ ಹಬ್ಬ. ನಮ್ಮ ಮಕ್ಕಳಿಗೆ ಅದು ಪರೀಕ್ಷೆಯ ಕಾಲ. ಮರಿಯಳ ಪತಿಯಾದ ಈ ಜೋಸೆಫರಿಗೆ ನಾಲ್ಕು ಬಾರಿ ಕನಸಿನಲ್ಲಿ ಅಪ್ಪಣೆಯಾಯಿತೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ನಾಲ್ಕು ಸಲವೂ ಅವರು ಮಾಡಿದ್ದು ಒಂದೇ ಬಗೆಯ ಕೆಲಸ: ಹೆಂಡತಿಯ ಕೈಬಿಡಲಿಲ್ಲ, ಕೂಸಿನ ಜೀವ ಉಳಿಸಿದರು. ಸುವಾರ್ತೆಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಕನಸು ಕಂಡವರು ಅದನ್ನು ಸಾರುತ್ತ ತಿರುಗಲಿಲ್ಲ. ಎದ್ದು ಕತ್ತೆ ಹೂಡಿದರೆಂಬಂತೆ ಕೆಲಸಕ್ಕೆ ಹೊರಟರು. 2025ರಲ್ಲಿ ತೀರಿಕೊಂಡ ಪೋಪ್ ಫ್ರಾನ್ಸಿಸ್ ನಿದ್ರಿಸುವ ಜೋಸೆಫರ ಪ್ರತಿಮೆಯೊಂದನ್ನು ಇಟ್ಟುಕೊಂಡು, ಕಷ್ಟ ಬಂದಾಗ ಚೀಟಿ ಬರೆದು ಅದರ ಕೆಳಗೆ ಇಡುತ್ತಿದ್ದರು.

ಅದೇ ಬೈಬಲ್ ಕನಸಿನ ವಿಚಾರದಲ್ಲಿ ಎಚ್ಚರವನ್ನೂ ಹೇಳುತ್ತದೆ. ತಮ್ಮ ಕನಸನ್ನೇ ದೇವರ ಮಾತೆಂದು ಸಾರುವವರನ್ನು ಪ್ರವಾದಿ ಯೆರೆಮೀಯ ಕಟುವಾಗಿ ಖಂಡಿಸಿದ. ಹೆಚ್ಚು ತಾಪತ್ರಯದಿಂದ ಕನಸು ಬೀಳುತ್ತದೆಂದು ಪ್ರಸಂಗಿಯ ಗ್ರಂಥ ತಿಳಿಸುತ್ತದೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರೆಂಬುದು ಪೌಲನ ಬುದ್ಧಿವಾದ.

ಪರೀಕ್ಷೆಯ ದಿನ ಪೆನ್ನು ಮರೆತಂತೆ, ಹಾಲ್‌ಟಿಕೆಟ್ ಕಳೆದಂತೆ ಕನಸು ಬೀಳುವುದು ಅನೇಕ ವಿದ್ಯಾರ್ಥಿಗಳಿಗೆ ಗೊತ್ತು. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸರಿನ್‌ಸ್ಕಿ ಮತ್ತು ಕ್ಲೀಟ್‌ಮನ್, ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಓಡಾಡುವ ಅವಧಿಗೂ ಕನಸಿಗೂ ಇರುವ ಸಂಬಂಧವನ್ನು ತೋರಿಸಿದರು. ರಾತ್ರಿಯಲ್ಲಿ ಇಂಥ ಅವಧಿ ಹಲವು ಸಲ ಬಂದುಹೋಗುತ್ತದೆ. ಕಂಡದ್ದರಲ್ಲಿ ಬಹುಪಾಲು ಮರೆತೇ ಹೋಗುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಯೂರಲೂ ನಿದ್ರೆ ಬೇಕು. ಫೇಲಾದಂತೆ ಕನಸು ಕಂಡ ಹುಡುಗನಿಗೆ ‘ದೇವರೇ ತಿಳಿಸಿದ’ ಎನ್ನುವ ಬದಲು ‘ಬೇಗ ಮಲಗಪ್ಪಾ’ ಎನ್ನುವ ತಂದೆ ಹೆಚ್ಚು ಉಪಕಾರ ಮಾಡುತ್ತಾನೆ.

ಗಂಗಾವತಿಯ ಬಂಡೆಗಳು

ಮುದಗಲ್ಲಿನಿಂದ ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ ಸಮೀಪಿಸಿದಂತೆ ಬಂಡೆಗಳ ಗುಡ್ಡಗಳು ಏಳುತ್ತವೆ. ಕಲ್ಲನ್ನೇ ತಲೆದಿಂಬಾಗಿಟ್ಟು ಮಲಗಿದ ಯಾಕೋಬ ಮುಗಿಲಿಗೆ ಮುಟ್ಟಿದ ಏಣಿಯ ಕನಸು ಕಂಡನೆಂಬುದನ್ನು ಇಲ್ಲಿಯ ಮಕ್ಕಳಿಗೆ ಚಿತ್ರ ಬರೆದು ತೋರಿಸಬೇಕಾಗಿಲ್ಲ. ಆ ಬಂಡೆಗಳ ಬುಡದಲ್ಲೇ ಭತ್ತದ ಗದ್ದೆಗಳು. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ಕೃಪೆ ಇದು. ಬಡಕಲು ಆಕಳುಗಳಿಗೆ ಈ ನಾಡು ಕೊಟ್ಟ ಉತ್ತರ. ನಕ್ಷೆ ಬರೆದವರು, ಕಲ್ಲು ಹೊತ್ತವರು, ಊರನ್ನೇ ನೀರಿಗೆ ಬಿಟ್ಟುಕೊಟ್ಟವರು ಎಲ್ಲರೂ ಎಚ್ಚರದಲ್ಲಿದ್ದೇ ದುಡಿದವರು.

ಈ ಸುತ್ತಿನಲ್ಲಿ ಕೇಳಿದ್ದು, ಓದಿದ್ದು ಸೇರಿಸಿದರೆ ಮನೆಮಂದಿಗೆ ಉಪಯೋಗವಾಗುವ ಮಾತು ಕೆಲವೇ. ಕನಸು ಕಂಡ ದಿನವೇ ತೀರ್ಮಾನ ಬೇಡ. ನಂಬಿಕೆಯ ಹಿರಿಯರೊಬ್ಬರಿಗೆ, ವಿಷಯ ಬಲ್ಲವರೊಬ್ಬರಿಗೆ ಹೇಳಿ ನೋಡಿ. ಅದು ಪ್ರೀತಿಯನ್ನು ಹೆಚ್ಚಿಸುತ್ತದೋ ಭಯವನ್ನೋ ಗಮನಿಸಿ. ಕನಸಿನ ಹೆಸರಿನಲ್ಲಿ ಹಣ ಕೇಳುವವರಿಂದ ದೂರವಿರಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಕನಸಿನ ಬೆಲೆಯನ್ನು ಮಕ್ಕಳಿಂದ ತೆರಿಸಬೇಡಿ.

ಕೊನೆಗೆ ಕೊಪ್ಪಳ. ಟಿಪ್ಪು ಬಲಪಡಿಸಿದ ಕೋಟೆ 1790–91ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ತಾಳಿ, ಬ್ರಿಟಿಷರ ಮತ್ತು ನಿಜಾಮನ ಪಡೆಗಳಿಗೆ ಮಣಿಯಿತು. ಆದರೆ ಗವಿಮಠದ ಗುಡ್ಡದ ಮೇಲೆ, ಪಾಲ್ಕಿಗುಂಡಿನ ಕೆಳಗೆ ಅಶೋಕನ ಅಕ್ಷರಗಳು ಎರಡು ಸಾವಿರ ವರ್ಷಗಳಿಂದ ಉಳಿದಿವೆ. ಸಣ್ಣವರಿರಲಿ ದೊಡ್ಡವರಿರಲಿ, ಪ್ರಯತ್ನಪಟ್ಟರೆ ಸ್ವರ್ಗವೂ ದಕ್ಕುತ್ತದೆಂಬುದು ಅವುಗಳ ಸಾರಾಂಶ. ಗುಡ್ಡ ಹತ್ತುವ ಶಾಲಾ ಮಕ್ಕಳಿಗೆ ಈ ಸಾಲಿನ ಅರ್ಥವನ್ನು ಒಮ್ಮೆ ಬಿಡಿಸಿ ಹೇಳಿದರೆ ಸಾಕು. ಏಳು ವರ್ಷ ಕಣಜ ತುಂಬಿಸಿದ ಯೋಸೇಫನೂ ಅದನ್ನು ಒಪ್ಪುತ್ತಿದ್ದ.