ಎಲೋನ್ ಮೋರೆ: ಬೆಟ್ಟ ಬದಲಿಸಿದ ಊರು

ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಸೀಮೆಯಲ್ಲಿ ನಬ್ಲುಸ್ ಎಂಬ ಪುರಾತನ ನಗರವಿದೆ. ಗೆರಿಜಿಂ, ಎಬಾಲ್ ಎಂಬೆರಡು ಬೆಟ್ಟಗಳ ನಡುವಣ ಕಣಿವೆಯೇ ಅದರ ನೆಲೆ. ಅಬ್ರಹಾಮನು ಕಾನಾನ್ ದೇಶಕ್ಕೆ ಬಂದಾಗ ಇಲ್ಲಿನ ಎಲೋನ್ ಮೋರೆಯಲ್ಲಿ ತಂಗಿದನೆಂದು ಬೈಬಲಿನ ಆದಿಕಾಂಡ ಹೇಳುತ್ತದೆ. 1967ರ ಯುದ್ಧದಲ್ಲಿ ಈ ಸೀಮೆ ಇಸ್ರೇಲಿ ಸೇನೆಯ ವಶವಾಯಿತು. ಆ ಪುರಾತನ ನಾಮವನ್ನೇ ಹೊತ್ತ ಚಿಕ್ಕ ವಸಾಹತೊಂದರ ವೃತ್ತಾಂತವನ್ನು ನಾವು ವಾಚಕರ ಮುಂದಿಡುತ್ತಿದ್ದೇವೆ. ಜಮೀನಿನ ವ್ಯಾಜ್ಯ ಕಂಡ ಮನೆತನಗಳಿಗೆ ಇದು ತೀರ ಅಪರಿಚಿತವೆನಿಸಲಾರದು.

ನಬ್ಲುಸಿನ ಆಗ್ನೇಯಕ್ಕೆ ರುಜೈಬ್ ಎಂಬ ಅರಬ್ ಹಳ್ಳಿ. 1979ರ ಜೂನ್ 5ರಂದು ಅದರ ಬಳಿಯ ಸುಮಾರು 700 ದುನಂ ನೆಲವನ್ನು ಸೈನಿಕ ಅಗತ್ಯಕ್ಕೆಂದು ವಶಪಡಿಸಿಕೊಳ್ಳುವ ಆಜ್ಞೆ ಹೊರಟಿತು. (ಒಂದು ದುನಂ ನಮ್ಮ ಹತ್ತು ಗುಂಟೆಗೆ ತುಸು ಕಡಿಮೆ.) ಎರಡೇ ದಿನಗಳಲ್ಲಿ ಗುಷ್ ಎಮುನಿಂ ಪಂಥದವರು ಹೆಲಿಕಾಪ್ಟರುಗಳ ನೆರವಿನಿಂದ ಅಲ್ಲಿ ಬಿಡಾರ ಹೂಡಿದರು. ನೆಲದ ಒಡೆಯರು ಇಸ್ರೇಲಿನದೇ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು.

ಊರು ರಕ್ಷಣೆಗೆ ಅವಶ್ಯವೆಂದು ಸೇನಾ ಮುಖ್ಯಸ್ಥ ರಫೇಲ್ ಐತಾನ್ ಹೇಳಿದರೆ, ರಕ್ಷಣಾ ಸಚಿವ ಎಝರ್ ವೈಟ್ಸ್‌ಮನ್ನರಿಗೆ ಹಾಗೆ ತೋರಿರಲಿಲ್ಲ. ವಸಾಹತುಗಾರರ ಪ್ರಮಾಣಪತ್ರವಂತೂ ಇನ್ನೂ ಸ್ವಾರಸ್ಯಕರ. ತಾವು ಬಂದದ್ದು ದೈವಾಜ್ಞೆಯಿಂದ, ರಕ್ಷಣೆಯ ಮಾತು ಆನುಷಂಗಿಕ, ನೆಲೆಸುವುದು ಶಾಶ್ವತವಾಗಿ ಎಂದು ಅವರು ಮರೆಮಾಚದೆ ತಿಳಿಸಿದ್ದರು. ವಾದವನ್ನೊಪ್ಪದ ನಾವೂ ಆ ನೇರನುಡಿಗೆ ತಲೆದೂಗಬೇಕು. ಆದರೆ ಅದೇ ಅವರಿಗೆ ಮುಳುವಾಯಿತು. ಸೇನೆಯ ಅಧಿಕಾರ ತಾತ್ಕಾಲಿಕ. ಅದರ ಹೆಸರಿನಲ್ಲಿ ಶಾಶ್ವತ ಊರಿಗಾಗಿ ಖಾಸಗಿ ನೆಲವನ್ನು ತೆಗೆದುಕೊಳ್ಳಲಾಗದೆಂದು ನ್ಯಾಯಮೂರ್ತಿ ಮೋಶೆ ಲಾಂಡೌ ಅವರಿದ್ದ ಪೀಠವು ಅಕ್ಟೋಬರ್ 22ರಂದು ತೀರ್ಪಿತ್ತಿತು.

1980ರ ಆರಂಭದಲ್ಲಿ ವಸಾಹತು ನಬ್ಲುಸಿನ ಈಶಾನ್ಯದ ಕಬೀರ್ ಬೆಟ್ಟಕ್ಕೆ ತೆರಳಿತು. ರುಜೈಬಿನವರು ಗೆದ್ದದ್ದು ನಿಜ. ಸರಕಾರ ಮಾತ್ರ ಬೇರೆ ದಾರಿ ಹಿಡಿಯಿತು. ತುರ್ಕರ ಕಾಲದ 1858ರ ಭೂಕಾಯಿದೆಯನ್ನು ಆಧರಿಸಿ, ನೋಂದಣಿಯೂ ನಿರಂತರ ಸಾಗುವಳಿಯೂ ಇಲ್ಲದ ನೆಲವನ್ನು 'ಸರಕಾರಿ ಭೂಮಿ' ಎಂದು ಸಾರತೊಡಗಿತು. ಬಹುಪಾಲು ಹೊಲಗಳು ದಫ್ತರಿಗೆ ಏರಿರಲಿಲ್ಲ. ಜೋರ್ಡಾನ್ ಆಡಳಿತ ನಡೆಸುತ್ತಿದ್ದ ನೋಂದಣಿಯನ್ನು 1968ರಲ್ಲಿ ಸೇನೆಯೇ ನಿಲ್ಲಿಸಿತ್ತು! ಕಲ್ಲುಗುಡ್ಡದಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿದ್ದು ಸಾಗುವಳಿಯ ಲೆಕ್ಕಕ್ಕೆ ಬರುವುದಿಲ್ಲ.

ಕಬೀರ್ ಬೆಟ್ಟದ ಊರಿಗೆ ಇಸ್ರೇಲ್ ಸರಕಾರದ ಮನ್ನಣೆಯಿದೆ. ಆದರೆ ಪಶ್ಚಿಮ ದಂಡೆಯ ಎಲ್ಲ ವಸಾಹತುಗಳೂ ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2024ರ ಜುಲೈ 19ರಂದು ಅಭಿಪ್ರಾಯವಿತ್ತಿತು. ಅದನ್ನು ಇಸ್ರೇಲ್ ಒಪ್ಪಿಲ್ಲ.