ಅಲುಗಿತೋ, ಜಾಗ ಬಿಟ್ಟಿತೋ?

ಗಾಲ್ಫ್ ಎಂಬ ಹೆಸರು ಕಂಡ ಕೂಡಲೇ "ಅಯ್ಯೋ, ಇದು ದೊಡ್ಡವರ ಆಟ, ನಮಗ್ಯಾಕೆ" ಎಂದು ಪುಟ ಮಗುಚಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳು. ನಮ್ಮವರು ಕಾಫಿ ತೋಟದಲ್ಲಿ ರೈಟರು. ತೋಟದ ಲೆಕ್ಕ, ಆಳುಗಳ ಬಟವಾಡೆ, ಇಷ್ಟೇ ಅವರ ಲೋಕ. ನನಗೋ ಒಲೆ, ಹಟ್ಟಿ, ಅತ್ತೆಯ ಕಷಾಯ. ಇದರ ಮಧ್ಯೆ ಗಾಲ್ಫ್ ಎಲ್ಲಿಂದ ಬಂತು ಅಂತೀರಾ? ಬಂದದ್ದು ಮಗಳಿಂದ.

ಕಾಫಿ ಸೀಮೆಯಲ್ಲಿ ಪ್ಲಾಂಟರುಗಳ ಕ್ಲಬ್ಬುಗಳೂ ಅವುಗಳ ಪಕ್ಕದಲ್ಲಿ ಗಾಲ್ಫ್ ಮೈದಾನಗಳೂ ಇರುವುದು ನಿಮಗೆ ಗೊತ್ತೇ ಇದೆ. ಬೆಂಗಳೂರಿನಲ್ಲಂತೂ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ನಮ್ಮೂರಿನ ಪುಟ್ಟ ಕ್ಲಬ್ಬಿನಲ್ಲಿ ಸುತ್ತಮುತ್ತಲ ಮಕ್ಕಳಿಗೂ ಭಾನುವಾರ ಆಟ ಕಲಿಸಲು ಶುರು ಮಾಡಿದರು. ನಮ್ಮ ಪುಟ್ಟಿ ಯಾರದ್ದೋ ಹಳೆಯ ಕೋಲುಗಳನ್ನು ಕೈಗಡ ತಂದು ಆಡುತ್ತಾ ಆಡುತ್ತಾ ಚೆನ್ನಾಗಿಯೇ ಕಲಿತಳು. ಕೋಚ್ ಅವಳ ಕೈಗೆ ನಿಯಮದ ಪುಸ್ತಕ ಒಂದನ್ನು ಕೊಟ್ಟು, "ಹೊಡೆಯೋದು ಮಾತ್ರ ಅಲ್ಲ, ಇದೂ ಬಾಯಿಗೆ ಬರಬೇಕು" ಅಂದರಂತೆ. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಮದುವೆಗೆ ಮುಂಚೆ ಓದಿದ ಬಿ.ಎ. ಆಗ ಉಪಯೋಗಕ್ಕೆ ಬಂತು ನೋಡಿ! ಸಂಜೆ ಸೊಪ್ಪು ಬಿಡಿಸುತ್ತಾ ನಾನು ಪ್ರಶ್ನೆ ಕೇಳುವುದು, ಅವಳು ಮಗ್ಗಿ ಒಪ್ಪಿಸಿದಂತೆ ಉತ್ತರ ಹೇಳುವುದು.

ಆಟವೇನೋ ಸರಳ. ಒಂದು ಚಿಕ್ಕ ಚೆಂಡು, ದೂರದಲ್ಲಿ ಒಂದು ಕುಳಿ. ಹೀಗೆ ಹದಿನೆಂಟು ಕುಳಿಗಳಿಗೆ ಚೆಂಡು ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು. ಆದರೆ ಆಟ ನಡೆಯುವುದು ನಾಲ್ಕು ಗೋಡೆಯ ಒಳಗಲ್ಲ. ಮರ, ಮಳೆ, ಹಸು, ಹಾವು ಎಲ್ಲದರ ನಡುವೆ. ತಂಟೆ ಹುಟ್ಟುವುದೇ ಅಲ್ಲಿ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಮೊದಲ ಬಾರಿ ಬರೆದಿಟ್ಟಾಗ ಇದ್ದದ್ದು 13 ನಿಯಮಗಳು. ಬೆಳೆದು ಬೆಳೆದು 34 ಆದವು. 2019ರಲ್ಲಿ ಅವನ್ನು ಸರಳ ಮಾಡಿ 24ಕ್ಕೆ ಇಳಿಸಿದರು.

ಈಗ ನೀವೇ ತೀರ್ಪು ಹೇಳಿ ನೋಡೋಣ. ಚೆಂಡಿನ ಪಕ್ಕದಲ್ಲೇ ಸಗಣಿ ಬಿದ್ದಿದೆ. ತೆಗೆಯಬಹುದೇ? ಧಾರಾಳವಾಗಿ ತೆಗೆಯಬಹುದು. ಒಣಗಿದೆಲೆ, ಕಡ್ಡಿ, ಕಲ್ಲು, ಸಗಣಿ ಎಲ್ಲಾ ಒಂದೇ ಲೆಕ್ಕ. ಉದುರಿದ ಹಲಸಿನ ಹಣ್ಣು ಅಡ್ಡ ಬಿದ್ದಿದ್ದರೆ ಉರುಳಿಸಬಹುದು. ಮರದಲ್ಲೇ ತೂಗುತ್ತಿದ್ದರೆ ಮಾತ್ರ ಕಿತ್ತುಹಾಕುವಂತಿಲ್ಲ! ಚೆಂಡಿನ ಹತ್ತಿರ ಹಾವೋ ಜೇನುಗೂಡೋ ಇದ್ದರೆ ದಂಡವಿಲ್ಲದೆ ಚೆಂಡನ್ನು ಸುರಕ್ಷಿತ ಜಾಗಕ್ಕೆ ತಂದು ಆಡಬಹುದು. ಆದರೆ ಮುಳ್ಳಿನ ಪೊದೆಗೆ ಸಿಕ್ಕಿಕೊಂಡರೆ ಆ ರಿಯಾಯಿತಿ ಇಲ್ಲ. ಮುಳ್ಳು ಚುಚ್ಚುತ್ತದೆ ಅಂತ ಗೊತ್ತಿದ್ದೂ ಅಲ್ಲಿಗೆ ಹೊಡೆದವರು ನೀವು, ಅನುಭವಿಸಿ!

ನಿಂತ ಚೆಂಡನ್ನು ಕಾಗೆ ಕಚ್ಚಿಕೊಂಡು ಹೋದರೆ? ಇದ್ದ ಜಾಗದಲ್ಲೇ ಬೇರೆ ಚೆಂಡು ಇಟ್ಟು ಆಡಬಹುದು. ಆದರೆ ಕಾಗೆಯೇ ಒಯ್ದದ್ದು ಎಂದು ಗೊತ್ತಿರಬೇಕು, ಇಲ್ಲವೇ ನೂರಕ್ಕೆ 95ರಷ್ಟಾದರೂ ಖಾತ್ರಿ ಇರಬೇಕು. "ಒಯ್ದಿರಬಹುದು" ಅಂದರೆ ನಡೆಯದು. ಆಗ ಮೂರು ನಿಮಿಷ ಹುಡುಕಿ, ಸಿಗದಿದ್ದರೆ ಒಂದು ಹೊಡೆತದ ದಂಡ ತೆತ್ತು, ಹಿಂದೆ ಎಲ್ಲಿಂದ ಹೊಡೆದಿದ್ದಿರೋ ಅಲ್ಲಿಗೇ ನಡೆಯಬೇಕು. ಇದನ್ನು ಓದಿದಾಗ ನನಗೆ ನಮ್ಮ ನೆರೆಹೊರೆಯ ಎಷ್ಟೋ ಮಾತುಗಳು ನೆನಪಾದವು. "ಅವಳೇ ತೆಗೆದಿರಬಹುದು", "ಅವರೇ ಹೇಳಿರಬಹುದು" ಅನ್ನುವಾಗ ಈ 95ರ ಲೆಕ್ಕ ನಾವು ಹಾಕುತ್ತೇವೆಯೇ?

ಇನ್ನೊಂದು ಕೇಳಿ. 1940ರಲ್ಲಿ ಇಂಗ್ಲೆಂಡಿನ ಮೇಲೆ ಬಾಂಬು ಬೀಳುತ್ತಿದ್ದಾಗ ರಿಚ್ಮಂಡ್ ಕ್ಲಬ್ಬಿನವರು ತಾತ್ಕಾಲಿಕ ನಿಯಮ ಬರೆದರು. ಬಾಂಬು ಸಿಡಿದ ಗಳಿಗೆಯಲ್ಲೇ ನಿಮ್ಮ ಹೊಡೆತ ಕೆಟ್ಟರೆ ಇನ್ನೊಂದು ಚೆಂಡು ಹೊಡೆಯಬಹುದು, ಆದರೆ ಒಂದು ಹೊಡೆತದ ದಂಡ ತಪ್ಪದು! ಮಗಳಿಗೆ ಇದನ್ನು ಓದಿ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈ ಎಲ್ಲಾ ನಿಯಮಗಳಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು. ಆಟಗಾರ್ತಿಯ ಕೈತಪ್ಪಿನಿಂದ ನಿಂತ ಚೆಂಡು ಕದಲಿದರೆ, ಕೆಲವು ಸಂದರ್ಭ ಬಿಟ್ಟು, ಒಂದು ಹೊಡೆತದ ದಂಡ. ಮತ್ತು ಚೆಂಡನ್ನು ಮೊದಲಿನ ಜಾಗಕ್ಕೇ ಇಡಬೇಕು. ಇಡದೆ ಹಾಗೇ ಹೊಡೆದರೆ ಎರಡು. ಆದರೆ ಕದಲಿತು ಅಂದರೇನು? ಚೆಂಡು ಸುಮ್ಮನೆ ಅಲುಗಾಡಿ ಮತ್ತೆ ಅಲ್ಲೇ ಕೂತರೆ ಕದಲಿದ್ದಲ್ಲ. ಜಾಗ ಬಿಟ್ಟು ಬೇರೆ ಜಾಗದಲ್ಲಿ ನಿಂತರೆ ಮಾತ್ರ ಕದಲಿದ್ದು. ಅದೂ ಬರಿಗಣ್ಣಿಗೆ ಕಾಣುವಂತಿರಬೇಕು. 2014ರಲ್ಲಿ ಅಮೆರಿಕದ ಪ್ಲೇಯರ್ಸ್ ಪಂದ್ಯದಲ್ಲಿ ಜಸ್ಟಿನ್ ರೋಸ್ ಎಂಬ ಆಟಗಾರನಿಗೆ ಚೆಂಡು ಕದಲಿತೆಂದು ಎರಡು ಹೊಡೆತದ ದಂಡ ಹಾಕಿದರು. ಬರಿಗಣ್ಣಿಗೆ ಕಾಣುವಷ್ಟು ಕದಲಿರಲಿಲ್ಲವೆಂದು ಮರುದಿನ ಅದನ್ನು ವಾಪಸು ತೆಗೆದುಕೊಂಡರು.

ಮಗಳಿಗೆ ನಾನು ಪದೇ ಪದೇ ಹೇಳುತ್ತಿದ್ದ ಕಥೆ ಬಾಬಿ ಜೋನ್ಸ್ ಎಂಬಾತನದು. 1925ರಲ್ಲಿ ಅಮೆರಿಕದ ಓಪನ್ ಪಂದ್ಯ. ಹುಲ್ಲಿನಲ್ಲಿದ್ದ ಚೆಂಡು ಹೊಡೆಯುವ ಮೊದಲೇ ಕದಲಿತು ಎಂದು ತಾನೇ ಹೇಳಿ ದಂಡ ಹಾಕಿಸಿಕೊಂಡ. ಬೇರೆ ಯಾರೂ ಕಂಡಿರಲಿಲ್ಲ. ಕೊನೆಗೆ ಆತನೂ ಇನ್ನೊಬ್ಬನೂ ಸಮ ಸಮ ಬಂದು, ಮತ್ತೆ ಆಡಿದಾಗ ಜೋನ್ಸ್ ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಮೊದಲೇ ಗೆದ್ದಿರುತ್ತಿದ್ದ.

ಕಥೆ ಹೇಳುವುದು ಸುಲಭ ನೋಡಿ. ನಮ್ಮ ಮನೆ ಬಾಗಿಲಿಗೇ ಬಂದಾಗ ಗೊತ್ತಾಗುತ್ತದೆ.

ಮೂರು ವರ್ಷದ ಕೆಳಗೆ ಡಿಸೆಂಬರಿನಲ್ಲಿ ಮಕ್ಕಳ ಪಂದ್ಯ. ಗೆದ್ದವರಿಗೆ ಬೆಂಗಳೂರಿನಲ್ಲಿ ಹದಿನೈದು ದಿನದ ತರಬೇತಿ, ಖರ್ಚೆಲ್ಲಾ ಕ್ಲಬ್ಬಿನದೇ. ನಮ್ಮಂಥವರಿಗೆ ಅದು ಕೈಗೆಟುಕುವ ಮಾತಲ್ಲ. ಆಗ ಎಲ್ಲರ ಬಾಯಲ್ಲೂ ಬೆಂಗಳೂರಿನ ಅದಿತಿ ಅಶೋಕ್ ಹೆಸರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ತಾಯಿಯೇ ಚೀಲ ಹೊತ್ತು ಜೊತೆಗೆ ನಡೆದರು, ಮಗಳು ಕಂಚಿನ ಪದಕಕ್ಕೆ ಒಂದೇ ಒಂದು ಹೊಡೆತ ಕಡಿಮೆಯಾಗಿ ನಾಲ್ಕನೆಯವಳಾದಳು. ಅದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ನಮ್ಮ ಪುಟ್ಟಿಗೂ ಕನಸು, ನನಗೂ ಕನಸು. ತಪ್ಪೇ?

ನಾನು ಕೊಡೆ, ನೀರಿನ ಬಾಟ್ಲಿ ಹಿಡಿದು ದೂರದಿಂದಲೇ ಅವಳ ಹಿಂದೆ ಹಿಂದೆ ನಡೆದೆ. ಹದಿನಾರನೆಯ ಕುಳಿಗೆ ಬಂದಾಗ ಅವಳ ಚೆಂಡು ಸಿಲ್ವರ್ ಓಕ್ ಮರದ ಬುಡದಲ್ಲಿ ಒಣಗಿದೆಲೆಗಳ ಮೇಲೆ ಕೂತಿತ್ತು. ಜೊತೆಗೆ ಆಡುತ್ತಿದ್ದ ಹುಡುಗಿ ಆ ಕಡೆ ತನ್ನ ಚೆಂಡು ಹುಡುಕುತ್ತಿದ್ದಳು. ಪುಟ್ಟಿ ಬಗ್ಗಿ ಒಂದು ಕಡ್ಡಿ ತೆಗೆದಳು. ಚೆಂಡು ಮಿಸುಕಿತು. ಅವಳು ತಲೆಯೆತ್ತಿ ಸುತ್ತ ಒಂದು ಸಲ ನೋಡಿದಳು. ಆಮೇಲೆ ಹೊಡೆದಳು.

ಚೆಂಡು ಅಲುಗಿತೋ, ಜಾಗ ಬಿಟ್ಟಿತೋ ನನಗೆ ಆ ದೂರದಿಂದ ಕಾಣಲಿಲ್ಲ. ಆದರೆ ಆ ನೋಟ ಕಂಡಿತು. ಹೆತ್ತವರಿಗೆ ಮಕ್ಕಳ ನೋಟ ತಿಳಿಯುವುದಕ್ಕೆ ನಿಯಮದ ಪುಸ್ತಕ ಬೇಕೆ?

ಆಟ ಮುಗಿಯಿತು. ಪುಟ್ಟಿಯದು 84, ಎರಡನೆಯ ಹುಡುಗಿಯದು 85. ನಮ್ಮ ಅಂಕ ಬರೆಯುವುದು ಜೊತೆಯ ಆಟಗಾರ್ತಿ. ಸರಿಯಾಗಿದೆಯೇ ನೋಡಿ ಸಹಿ ಹಾಕಬೇಕಾದವರು ನಾವು. ಅವಳು ಪೆನ್ನು ಹಿಡಿದು ಕೂತಿದ್ದಳು. ನನ್ನ ಎದೆ ಡವಡವ. ಕೇಳಲೋ, ಬೇಡವೋ? ಯಾರೂ ನೋಡಿಲ್ಲ. ಕಾಳಷ್ಟು ಚೆಂಡು ಸರಿದರೆ ಯಾರ ಮನೆ ಮುಳುಗೀತು? ಅದೂ ನಾನು ಸರಿಯಾಗಿ ಕಂಡಿದ್ದೇನೆಯೇ? ಸಣ್ಣವಳಿದ್ದಾಗ ಕುಂಟೆಬಿಲ್ಲೆ ಆಡುತ್ತಾ "ತುಳೀಲಿಲ್ಲ, ತುಳೀಲಿಲ್ಲ" ಎಂದು ನಾನು ಜಗಳ ತೆಗೆದರೆ ನಮ್ಮಜ್ಜಿ ಜಗಲಿಯಿಂದಲೇ ಹೇಳುತ್ತಿದ್ದರು: "ಗೆರೆ ತುಳಿದದ್ದು ಕಾಲಿಗೆ ಗೊತ್ತು ಬಿಡೇ."

ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಪುಟ್ಟಿ, ಆ ಕಡ್ಡಿ ತೆಗೆದಾಗ ಚೆಂಡು ಅಲುಗಿತೋ, ಜಾಗ ಬಿಟ್ಟಿತೋ?"

"ಅಲುಗಾಡ್ತು, ಅಷ್ಟೇ" ಅಂದಳು, ನನ್ನ ಮುಖ ನೋಡದೆ.

"ಸರಿ, ಹಾಗಾದ್ರೆ ಸಹಿ ಮಾಡು" ಎಂದು ನಾನು ನೀರು ತುಂಬಿಸಲು ನಲ್ಲಿಯ ಹತ್ತಿರ ಹೋದೆ. ಅವಳ ಮಾತನ್ನು ಅಲ್ಲಗಳೆಯಲು ನಾನ್ಯಾರು? ಹತ್ತಿರ ಇದ್ದವಳು ಅವಳು.

ಬಾಟ್ಲಿ ತುಂಬಿಸಿ ತಿರುಗಿ ನೋಡುತ್ತೇನೆ, ಅವಳು ಅಲ್ಲಿಲ್ಲ. ರೆಫರಿಯ ಮುಂದೆ ನಿಂತು ಹೆಬ್ಬೆರಳು ತೋರುಬೆರಳು ಸೇರಿಸಿ "ಇಷ್ಟು ಸರೀತು ಸರ್" ಎಂದು ತೋರಿಸುತ್ತಿದ್ದಾಳೆ. ಆ ಸಂದಿಯಲ್ಲಿ ಒಂದು ಅವರೆಕಾಳು ಹಿಡಿಯುತ್ತಿತ್ತೋ ಇಲ್ಲವೋ! ಸರಿದ ಚೆಂಡನ್ನು ವಾಪಸು ಇಡದೆ ಹೊಡೆದದ್ದಕ್ಕೆ ಎರಡು ಹೊಡೆತದ ದಂಡ. 84 ಇದ್ದದ್ದು 86 ಆಯಿತು. ಬೆಂಗಳೂರಿಗೆ ಹೋದವಳು ಆ ಇನ್ನೊಬ್ಬ ಹುಡುಗಿ.

ಮನೆಗೆ ಬಂದ ಮೇಲಿನ ಕಥೆ ಕೇಳಬೇಡಿ. ಅತ್ತೆ, "ಹೆತ್ತ ತಾಯಿಯೇನೇ ನೀನು? ಬಾಯಿ ಮುಚ್ಕೊಂಡು ಇರೋಕೆ ಆಗ್ಲಿಲ್ವಾ?" ಎಂದು ಹಣೆ ಚಚ್ಚಿಕೊಂಡರು. ಇವರು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, "ನೀನು ಕೇಳದೇ ಇದ್ದಿದ್ರೆ ಏನಾಗ್ತಿತ್ತು?" ಅಂದರು. ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ಪುಟ್ಟಿಯಂತೂ ಮೂರು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಅವಳ ಮೌನಕ್ಕಿಂತ ಅತ್ತೆಯ ಬೈಗುಳವೇ ವಾಸಿ ಅನ್ನಿಸಿತು.

ನಾಲ್ಕನೆಯ ದಿನ ಸಂಜೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು. ಒಂದಷ್ಟು ಕಾಯಿ ಸುಲಿದ ಮೇಲೆ, "ಅಮ್ಮಾ, ನಾನು ಆವತ್ತು ಸುತ್ತ ನೋಡಿದ್ದು ನಿಂಗೆ ಕಾಣಿಸ್ತಾ?" ಅಂದಳು.

"ಕಾಣಿಸ್ತು."

"ಮತ್ತೆ ಸಹಿ ಮಾಡು ಅಂದೆ?"

"ಆಡಿದವಳು ನೀನು ಕಣೇ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಬೈದಿದ್ರೆ ಸುಳ್ಳನ್ನೇ ಸಾಧಿಸ್ತಿದ್ದೆ. ಸರಿ ಅಂದ್ಯಲ್ಲ, ಅದಕ್ಕೇ ಪೆನ್ನು ಓಡಲಿಲ್ಲ" ಅಂದಳು. ಕಾಳಿನ ಬಟ್ಟಲು ತುಂಬಿತು. ಆವತ್ತಿನ ಸಾರು ರುಚಿಯಾಗಿತ್ತು ಎಂದು ಅತ್ತೆಯೂ ಹೇಳಿದರು ಅನ್ನಿ!

ಇಲ್ಲಿಗೇ ನಿಲ್ಲಿಸಿದ್ದರೆ ನಾನು ದೊಡ್ಡ ಸತ್ಯವಂತೆ ಎಂದು ನೀವು ತಿಳಿದೀರಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನಾನೂ ಒಂದು ಚೆಂಡು ಕದಲಿಸಿ ಸುತ್ತ ನೋಡಿದ್ದವಳು. ಅದಕ್ಕೂ ಎಷ್ಟೋ ವರ್ಷ ಹಿಂದೆ, ಅತ್ತೆಯ ತವರಿನಿಂದ ಬಂದಿದ್ದ ಉಪ್ಪಿನಕಾಯಿ ಜಾಡಿ ನನ್ನ ಕೈ ಜಾರಿ ಒಡೆದಿತ್ತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಬಂದು ಚೂರು ನೋಡಿ ಮನೆಗೆಲಸದವಳೇ ಒಡೆದಿರಬೇಕೆಂದು ಕೂಗಾಡಿದರು. ಆ ತಿಂಗಳ ಸಂಬಳದಲ್ಲಿ ದುಡ್ಡು ಹಿಡಿದರು. ಹೊಸ ಸೊಸೆ ನಾನು, ಹೆದರಿ ಸುಮ್ಮನಿದ್ದೆ. ಹೆದರಿಕೆ ಹೋದ ಮೇಲೂ ಸುಮ್ಮನೇ ಇದ್ದೆ.

ಮಾರನೆಯ ದಿನ ಅತ್ತೆಗೆ ಕಾಫಿ ಕೊಡುತ್ತಾ ಹೇಳಿಬಿಟ್ಟೆ. ಲೋಟ ಕೈಯಲ್ಲೇ ಹಿಡಿದು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ತಮ್ಮ ಟ್ರಂಕಿನಿಂದ ದುಡ್ಡು ತಂದು ನನ್ನ ಮುಂದೆ ಇಟ್ಟರು. ನಾನು ಅದಕ್ಕೆ ಅಷ್ಟೇ ಸೇರಿಸಿದೆ. ಒಂದಕ್ಕೆ ಎರಡು, ಪುಸ್ತಕದ ಪ್ರಕಾರವೇ. ಲೈನು ಮನೆಗೆ ಹೋಗಿ ಆಕೆಯ ಕೈಗೆ ಕೊಟ್ಟು, "ಆ ಜಾಡಿ ಒಡೆದದ್ದು ನಾನು" ಅಂದೆ.

ಆಕೆ ದುಡ್ಡು ಎಣಿಸಲಿಲ್ಲ. ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ನಂಗೆ ಅವತ್ತೇ ಗೊತ್ತಿತ್ತು ಬಿಡಿ ಅಕ್ಕಾ. ನಿಮ್ ಸೀರೆ ನೆರಿಗೇಲಿ ಎಣ್ಣೆ ಕಲೆ ಇತ್ತಲ್ಲ, ಅದನ್ನ ಒಗೆದವಳು ನಾನೇ" ಅಂದಳು.

ಪುಟ್ಟಿ ಈಗ ಕಾಲೇಜಿಗೆ ಹೋಗುತ್ತಾಳೆ. ಭಾನುವಾರ ಆಡುತ್ತಾಳೆ. ಒಲಿಂಪಿಕ್ಸ್ ಕನಸು ಏನಾಯಿತೋ ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಿಯಮದ ಪುಸ್ತಕ ಮಾತ್ರ ಅಡುಗೆಮನೆಯ ಗೂಡಿನಲ್ಲಿ ಪಂಚಾಂಗದ ಪಕ್ಕದಲ್ಲೇ ಇದೆ. ಅಂಚಿಗೆ ಅರಿಸಿನದ ಬೆರಳು ಗುರುತು ಬಿದ್ದಿದೆ. ಮನೆಯಲ್ಲಿ ಯಾರಾದರೂ ಏನಾದರೂ ಮುಚ್ಚಿಡುತ್ತಿದ್ದಾರೆ ಅನ್ನಿಸಿದರೆ ನಾವೀಗ ಜೋರು ಮಾಡುವುದಿಲ್ಲ. "ಅಲುಗಿತೋ, ಜಾಗ ಬಿಟ್ಟಿತೋ?" ಎಂದು ಕೇಳಿ, ನೀರು ತುಂಬಿಸಲು ಎದ್ದು ಹೋಗುತ್ತೇವೆ.